ಕಾದಂಬರಿ ಬರೆಯಲು ಕೊಡಗಿಗೆ ಹೊರಟಿದ್ದೀರಾ? ವಾಸ್ತವ್ಯ, ಕಮ್ಮಟ, ಲೇಖಕರ ಭೇಟಿಗೆ ಒಂದು ಮಾರ್ಗದರ್ಶಿ

“ಮೊದಲ ಕಾದಂಬರಿ ಬರೆಯಬೇಕು ಅಂತಿದ್ದೇನೆ. ಕೊಡಗಿನಲ್ಲಿ ಒಂದು ವಾರ ಕೂತರೆ ಸ್ಫೂರ್ತಿ ಸಿಗುತ್ತದಾ? ಎಲ್ಲಿ ಉಳಿಯಬೇಕು? ಅಲ್ಲಿ ಲೇಖಕರನ್ನು ಭೇಟಿ ಮಾಡೋಕೆ ಆಗುತ್ತಾ?” ಓದುಗರು ಈ ಪ್ರಶ್ನೆಗಳನ್ನು ಬಿಡದೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಸ್ಫೂರ್ತಿ ಖಂಡಿತ ಸಿಗುತ್ತದೆ. ಆದರೆ ಖಾಲಿ ಪುಸ್ತಕ ಹಿಡಿದು ಹೋದವರಿಗಿಂತ, ಒಂದಷ್ಟು ಬರೆದು ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡು ಹೋದವರಿಗೆ ಜಾಸ್ತಿ ಸಿಗುತ್ತದೆ. ಬಗೆಹರಿಯದ ಪ್ರಶ್ನೆ ತಲೆಯಲ್ಲಿದ್ದರೆ ಕೇಳಿದ ಮಾತು, ಕಂಡ ಮನೆ, ಬಸ್ಸಿನಲ್ಲಿ ಪಕ್ಕ ಕೂತವರ ಜಗಳ ಎಲ್ಲವೂ ಆ ಪ್ರಶ್ನೆಗೆ ಬಂದು ಅಂಟಿಕೊಳ್ಳುತ್ತವೆ. ಪ್ರಶ್ನೆಯೇ ಇಲ್ಲದಿದ್ದರೆ ಮಂಜು, ಬೆಟ್ಟ, ಕಾಫಿ ನೋಡಿ ಖುಷಿಪಟ್ಟು ವಾಪಸ್ ಬರುತ್ತೀರಿ. ಅದೂ ಒಳ್ಳೆಯದೇ, ಆದರೆ ಅದು ಪ್ರವಾಸ. ಹಾಗಾಗಿ ಈ ಲೇಖನದ ಮೊದಲ ಹಂತ ನಿಮ್ಮ ಮನೆಯಲ್ಲೇ ಶುರುವಾಗುತ್ತದೆ.

ಅದಕ್ಕೂ ಮೊದಲು ಕೆಲವು ಪದ ತಿಳಿದಿರಲಿ, ಜಾಹೀರಾತು ಓದುವಾಗ ಗೊಂದಲ ಆಗುವುದಿಲ್ಲ. ರಿಟ್ರೀಟ್ ಅಂದರೆ ದಿನನಿತ್ಯದ ಕೆಲಸದಿಂದ ದೂರ ಹೋಗಿ, ದುಡ್ಡು ಕೊಟ್ಟು ಉಳಿದು ಬರೆಯುವುದು. ರೆಸಿಡೆನ್ಸಿ ಅಂದರೆ ಸಂಸ್ಥೆಯೊಂದು ನಿಮ್ಮ ಬರಹ ನೋಡಿ ಆಯ್ಕೆ ಮಾಡಿ, ವಸತಿ ಊಟ ಕೊಟ್ಟು ಬರೆಯಲು ಬಿಡುವುದು. ಕಮ್ಮಟದಲ್ಲಿ ಹಿರಿಯ ಲೇಖಕರು ಇದ್ದು, ನಿಮ್ಮಿಂದ ಬರೆಸಿ, ಓದಿಸಿ, ತಿದ್ದುತ್ತಾರೆ. ಸಂವಾದ ಅಂದರೆ ಲೇಖಕರ ಜೊತೆ ಪ್ರಶ್ನೋತ್ತರ. ದತ್ತಿ ಉಪನ್ಯಾಸ ಅಂದರೆ ಯಾರೋ ಇಟ್ಟ ನಿಧಿಯ ಬಡ್ಡಿಯಲ್ಲಿ ಪ್ರತಿ ವರ್ಷ ನಡೆಯುವ ಭಾಷಣ. ಈ ಕೊನೆಯ ಮೂರು ಬಹುತೇಕ ಉಚಿತ, ಇಲ್ಲವೇ ತುಂಬ ಕಡಿಮೆ ಶುಲ್ಕದವು. ಮೊದಲ ಸಲ ಬರೆಯುತ್ತಿರುವವರಿಗೆ ದುಬಾರಿ ರಿಟ್ರೀಟ್‌ಗಿಂತ ಕಮ್ಮಟವೇ ಹೆಚ್ಚು ಉಪಯೋಗ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಿದ್ದುವವರು ಇಲ್ಲದ ಕಡೆ ಎಷ್ಟು ಪುಟ ಬರೆದರೂ ನಮ್ಮ ತಪ್ಪು ನಮಗೆ ಕಾಣುವುದಿಲ್ಲ.

1. ಹೊರಡುವ ಮೊದಲು ಸಿದ್ಧ ಮಾಡಿಕೊಳ್ಳಿ

ಮೂರು ವಸ್ತು ಬೇಕು. ಮೊದಲನೆಯದು, ಕನಿಷ್ಠ ಮೂವತ್ತು ಪುಟದ ಕರಡು. ಕರಡು ಅಂದರೆ ತಿದ್ದದ ಮೊದಲ ಬರಹ, ಚೆನ್ನಾಗಿರಬೇಕು ಅಂತೇನಿಲ್ಲ. ಎರಡನೆಯದು, ಒಂದೇ ಪುಟದ ಸಾರಾಂಶ: ಯಾರ ಕಥೆ, ಅವರಿಗೆ ಏನು ಬೇಕು, ಅಡ್ಡ ಬರುವುದು ಏನು. ಮೂರನೆಯದು ಪ್ರಶ್ನೆಗಳ ಪಟ್ಟಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಪ್ರಶ್ನೆ ಅಂದರೆ “ನನ್ನ ಕಾದಂಬರಿ ಚೆನ್ನಾಗಿದೆಯಾ?” ಅಂತಲ್ಲ. ಅದಕ್ಕೆ ಯಾರೂ ಉತ್ತರ ಕೊಡಲಾರರು. ಹೀಗೆ ಬರೆದುಕೊಳ್ಳಿ: “ಅಣ್ಣ ತಮ್ಮ ತೋಟ ಪಾಲು ಮಾಡಿಕೊಂಡ ಮೇಲೆ ತಾಯಿ ಯಾರ ಮನೆಯಲ್ಲಿ ಇರುತ್ತಾಳೆ? ಅವಳು ತಾನೇ ಹೇಳುತ್ತಾಳಾ, ಅಥವಾ ಯಾರೂ ಕೇಳುವುದೇ ಇಲ್ಲವಾ?” “ಏಳನೇ ಅಧ್ಯಾಯದಲ್ಲಿ ಹುಡುಗಿ ಊರು ಬಿಡಬೇಕು. ಅವಳು ಹೋಗುವುದಕ್ಕೆ ನಾನು ಕೊಟ್ಟ ಕಾರಣ ನನಗೇ ನಂಬಿಕೆ ಬರುತ್ತಿಲ್ಲ. ಯಾಕೆ?” ಇಂಥ ನಾಲ್ಕೈದು ಪ್ರಶ್ನೆ ಇದ್ದರೆ ಸಾಕು.

ಕರಡು ಇನ್ನೂ ಮೂವತ್ತು ಪುಟ ತಲುಪಿಲ್ಲ ಅಂದರೆ ಪ್ರಯಾಣ ಮುಂದೆ ಹಾಕಿ. ಈ ಮಾತು ಕೆಲವರಿಗೆ ಬೇಸರ ತರಬಹುದು, ಆದರೆ ಮೊದಲ ಪುಟಕ್ಕೆ ಬೆಟ್ಟ ಬೇಕಾಗಿಲ್ಲ. ಮನೆಯ ಊಟದ ಮೇಜು ಸಾಕು.

2. ಕಾಲ ನೋಡಿ ದಿನ ಗೊತ್ತುಮಾಡಿ

ಹೆಚ್ಚಿನವರು ಎಡವುವುದು ಇಲ್ಲೇ. ರಜೆ ಸಿಕ್ಕಿತು ಅಂತ ಹೊರಡುತ್ತಾರೆ. ಕೊಡಗಿನಲ್ಲಿ ತಿಂಗಳು ಬದಲಾದರೆ ರಸ್ತೆ, ಜನರ ಬಿಡುವು, ರೂಮಿನ ಬಾಡಿಗೆ ಎಲ್ಲವೂ ಬದಲಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಬಾಡಿಗೆ ಸಾಮಾನ್ಯವಾಗಿ ಕಡಿಮೆ, ಹೊರಗೆ ತಿರುಗಲು ಆಗುವುದಿಲ್ಲ, ಹಾಗಾಗಿ ಬರವಣಿಗೆ ಸಾಗುತ್ತದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಕೊಡವರ ಕಕ್ಕಡ ತಿಂಗಳು. ಗದ್ದೆ ನಾಟಿಯ ಕಾಲ, ಶುಭಕಾರ್ಯ ಇಲ್ಲ. ಆಗಸ್ಟ್ 3ರ ಸುಮಾರಿಗೆ ಕಕ್ಕಡ ಹದಿನೆಂಟು ಬರುತ್ತದೆ. ಅವತ್ತು ಮದ್ದು ಸೊಪ್ಪಿನ ರಸದಲ್ಲಿ ಪಾಯಸ ಮಾಡುತ್ತಾರೆ, ಕಡು ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಆದರೆ ಮಳೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡ ಕುಸಿದು ಜೀವ ಹೋದವು, ಊರಿಗೆ ಊರೇ ಮನೆ ಕಳೆದುಕೊಂಡಿತು. 2019, 2020ರಲ್ಲೂ ಕುಸಿತಗಳಾದವು. ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟರೆ, ಅಂದರೆ ಭಾರೀ ಅಥವಾ ಅತಿ ಭಾರೀ ಮಳೆಯ ಎಚ್ಚರಿಕೆ ಇದ್ದರೆ, ಪ್ರಯಾಣ ರದ್ದು ಮಾಡಿ. ಕಟ್ಟಿದ ಮುಂಗಡ ಹೋದರೂ ಚಿಂತೆಯಿಲ್ಲ.

ಅಕ್ಟೋಬರ್ ಹಬ್ಬದ ತಿಂಗಳು. ಮಡಿಕೇರಿ ದಸರಾ, 17ರ ಆಸುಪಾಸಿನಲ್ಲಿ ತಲಕಾವೇರಿಯ ತುಲಾ ಸಂಕ್ರಮಣ. ಮಡಿಕೇರಿ ದಸರಾದಲ್ಲಿ ದಶಮಂಟಪಗಳ, ಅಂದರೆ ಹತ್ತು ದೇವಸ್ಥಾನಗಳ ಅಲಂಕೃತ ಮಂಟಪಗಳ, ಮೆರವಣಿಗೆ ರಾತ್ರಿಯಿಡೀ ನಡೆಯುತ್ತದೆ. ಆ ದಿನಗಳಲ್ಲಿ ಬರೆಯುತ್ತೇನೆ ಅಂದುಕೊಂಡರೆ ಆಗದ ಮಾತು. ಆದರೆ ದಸರಾ ಕಾರ್ಯಕ್ರಮಗಳಲ್ಲಿ ಬಹುಭಾಷಾ ಕವಿಗೋಷ್ಠಿ ಇರುತ್ತದೆ. ಕನ್ನಡ, ಕೊಡವ, ಅರೆಭಾಷೆ (ಇಲ್ಲಿನ ಗೌಡರ ಮನೆಮಾತು), ತುಳು, ಮಲಯಾಳಂ ಕವಿತೆಗಳನ್ನು ಒಂದೇ ವೇದಿಕೆಯಲ್ಲಿ ಕೇಳಬಹುದು. ಈ ಜಿಲ್ಲೆಯ ಜನ ಮಾತಾಡುವ ರೀತಿ ಕಿವಿಗೆ ಹತ್ತಬೇಕು ಅಂದರೆ ಇದಕ್ಕಿಂತ ಒಳ್ಳೆಯ ಅವಕಾಶ ಕಡಿಮೆ.

ನವೆಂಬರ್‌ನಿಂದ ಫೆಬ್ರವರಿ ನನ್ನ ಆಯ್ಕೆ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಹುತ್ತರಿ, ಹೊಸ ಭತ್ತ ಮನೆಗೆ ತರುವ ಹಬ್ಬ. ಕಾಫಿಯಲ್ಲಿ ಅರೇಬಿಕಾ ಜಾತಿಯ ಕೊಯ್ಲು ಮೊದಲು, ಅದರ ಹಿಂದೆಯೇ ರೊಬಸ್ಟಾ ಜಾತಿಯದು. ಸಾಹಿತ್ಯ ಕಾರ್ಯಕ್ರಮಗಳು ಜಾಸ್ತಿ ಇರುವುದೂ ಆಗಲೇ. ಒಂದು ಎಚ್ಚರಿಕೆ: ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬೇಡವೇ ಬೇಡ. ಟ್ರಾಫಿಕ್, ದುಪ್ಪಟ್ಟು ಬಾಡಿಗೆ, ಪಕ್ಕದ ಹೋಂಸ್ಟೇಯಲ್ಲಿ ಹಾಡು. ಬೇರೆ ಸಮಯದಲ್ಲೂ ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಗಲಾಟೆ ಇದ್ದೇ ಇರುತ್ತದೆ. ಭಾನುವಾರ ಸಂಜೆ ತಲುಪಿ ಶುಕ್ರವಾರ ಬೆಳಗ್ಗೆ ಹೊರಡುವ ಹಾಗೆ ಯೋಜಿಸಿ.

3. ಜಾಗ ಆರಿಸಿ, ಕೇಳಬೇಕಾದ್ದನ್ನು ಕೇಳಿ

ಕೊಡಗಿಗೆ ರೈಲು ಇಲ್ಲ. ಮೈಸೂರಿನಿಂದ ಮಡಿಕೇರಿ ಸುಮಾರು 120 ಕಿಲೋಮೀಟರ್, ಬೆಂಗಳೂರಿನಿಂದ ಸುಮಾರು 260, ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಸುಮಾರು 140. ಸಾರಿಗೆ ಬಸ್ಸುಗಳಿವೆ. ಸ್ವಂತ ಗಾಡಿ ಇಲ್ಲದವರು ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪಗಳ ಹತ್ತಿರವೇ ಉಳಿಯಿರಿ. ಕಕ್ಕಬ್ಬೆ, ನಾಪೋಕ್ಲು, ಭಾಗಮಂಡಲ ಕಡೆ ಇನ್ನೂ ಶಾಂತ, ತಡಿಯಂಡಮೋಳ್ ಬೆಟ್ಟವೂ ಅಲ್ಲೇ. ಆದರೆ ಬಸ್ಸು ಕಡಿಮೆ, ಫೋನ್ ಸಿಗ್ನಲ್ ಬರುವುದು ಹೋಗುವುದು. ಬರೆಯುವವರಿಗೆ ಸಿಗ್ನಲ್ ಇಲ್ಲದ್ದು ವರವೇ. ಮನೆಯಲ್ಲಿ ವಯಸ್ಸಾದವರೋ ಚಿಕ್ಕ ಮಕ್ಕಳೋ ಇದ್ದರೆ ಮಾತ್ರ ಹೋಂಸ್ಟೇಯವರ ಸ್ಥಿರ ದೂರವಾಣಿ ನಂಬರ್ ಮೊದಲೇ ಪಡೆದು ಮನೆಯವರಿಗೆ ಕೊಟ್ಟಿರಿ.

ಯಾರೋ ಆಯೋಜಿಸಿದ ರಿಟ್ರೀಟ್‌ಗೆ ಹೋಗುವುದಾದರೆ ದುಡ್ಡು ಕಟ್ಟುವ ಮೊದಲು ಇಷ್ಟು ಕೇಳಿ. ಜಾಹೀರಾತಿನಲ್ಲಿ ಹೆಸರಿರುವ ಲೇಖಕರು ಎಷ್ಟು ದಿನ ಇರುತ್ತಾರೆ? ಉದ್ಘಾಟನೆಗೆ ಬಂದು ಹೋಗುತ್ತಾರಾ, ಇಲ್ಲಾ ನಮ್ಮ ಜೊತೆ ಕೂರುತ್ತಾರಾ? ನನ್ನ ಬರಹವನ್ನು ಯಾರು ಓದುತ್ತಾರೆ, ಎಷ್ಟು ಪುಟ? ಒಟ್ಟು ಎಷ್ಟು ಜನ? ದಿನಕ್ಕೆ ಎಷ್ಟು ಗಂಟೆ ಬರೆಯಲು ಬಿಡುತ್ತೀರಿ? ಮಳೆಯಿಂದ ರಸ್ತೆ ಬಂದ್ ಆದರೆ ಹಣ ವಾಪಸ್ ಉಂಟಾ? ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡದವರ ಹತ್ತಿರ ಹೋಗಬೇಡಿ. ವೇಳಾಪಟ್ಟಿಯಲ್ಲಿ ದುಬಾರೆ, ಅಬ್ಬಿ ಜಲಪಾತ, ರಾಜಾಸೀಟು, ಕ್ಯಾಂಪ್‌ಫೈರ್ ಎಲ್ಲ ತುಂಬಿದ್ದರೆ ಅದು ಪ್ಯಾಕೇಜ್ ಟೂರ್ ಅಂತ ತಿಳಿಯಿರಿ.

ಇನ್ನೊಂದು ದಾರಿ ಇದೆ, ನಾನು ಹೆಚ್ಚಾಗಿ ಸೂಚಿಸುವುದು ಅದನ್ನೇ: ನೀವೇ ಮೂರ್ನಾಲ್ಕು ಜನ ಸೇರಿ ವಾಸ್ತವ್ಯ ಮಾಡುವುದು. ಬರೆಯುವ ಗೆಳೆಯರು ಸೇರಿ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾದ ಹೋಂಸ್ಟೇ ಒಂದನ್ನು ವಾರದ ನಡುವೆ ಹಿಡಿಯಿರಿ. ಫೋನ್ ಮಾಡಿದಾಗ “ನಾವು ತಿರುಗಾಡಲು ಬರುತ್ತಿಲ್ಲ, ಬರೆಯಲು ಬರುತ್ತಿದ್ದೇವೆ, ಹಗಲು ರೂಮಿನಲ್ಲೇ ಇರುತ್ತೇವೆ” ಅಂತ ಮೊದಲೇ ಹೇಳಿ. ರೂಮಿನಲ್ಲಿ ಮೇಜು, ಬೆನ್ನು ಇರುವ ಕುರ್ಚಿ ಇದೆಯಾ, ಕರೆಂಟ್ ಹೋದರೆ ಇನ್ವರ್ಟರ್ ಇದೆಯಾ ಕೇಳಿ. ಮೇಜಿನ ಫೋಟೊ ಕಳಿಸಲು ಹೇಳಿದರೂ ತಪ್ಪಿಲ್ಲ. ಹಾಸಿಗೆ ಮೇಲೆ ಕೂತು ಎರಡು ದಿನ ಬರೆದರೆ ಮೂರನೇ ದಿನ ಬೆನ್ನು ಕೇಳುವುದಿಲ್ಲ. ಒಬ್ಬರೇ ಹೋಗುವ ಹೆಣ್ಣುಮಕ್ಕಳು ಮನೆಯವರು ಅದೇ ಆವರಣದಲ್ಲಿ ವಾಸ ಇದ್ದಾರಾ, ರೂಮಿಗೆ ಒಳಗಿನಿಂದ ಚಿಲಕ ಇದೆಯಾ ಅನ್ನುವುದನ್ನು ಸಂಕೋಚವಿಲ್ಲದೆ ಕೇಳಿ.

4. ಚೀಲದಲ್ಲಿ ಏನಿರಬೇಕು

ಬೆಚ್ಚನೆ ಬಟ್ಟೆ, ಟಾರ್ಚ್, ಛತ್ರಿ ಎಲ್ಲರಿಗೂ ಗೊತ್ತು. ಬರೆಯುವವರಿಗೆ ವಿಶೇಷವಾಗಿ: ಕರಡಿನ ಮುದ್ರಿತ ಪ್ರತಿ, ಎರಡು ನೋಟ್‌ಬುಕ್, ಪೆನ್‌ಡ್ರೈವ್. ನೆಟ್ ಇರುತ್ತದೆ ಅಂತ ನಂಬಿ ಎಲ್ಲವನ್ನೂ ಆನ್‌ಲೈನಿನಲ್ಲಿ ಇಟ್ಟರೆ ಕಷ್ಟ. ಪ್ರತಿ ರಾತ್ರಿ ಅವತ್ತಿನ ಬರಹವನ್ನು ಪೆನ್‌ಡ್ರೈವ್‌ಗೆ ಹಾಕಿ. ಮಳೆಗಾಲವಾದರೆ ಕಾಗದಗಳಿಗೆ ಪ್ಲಾಸ್ಟಿಕ್ ಕವರ್ ಬೇಕು, ಇಲ್ಲದಿದ್ದರೆ ಎರಡೇ ದಿನಕ್ಕೆ ಹಾಳೆಗಳು ತೇವ ಹಿಡಿದು ಶಾಯಿ ಹರಡುತ್ತದೆ. ತೋಟದಲ್ಲಿ ಇಂಬಳ ಇರುತ್ತವೆ. ಕಾಲಿಗೆ ಉದ್ದ ಕಾಲುಚೀಲ ಹಾಕಿ, ಸ್ವಲ್ಪ ಉಪ್ಪು ಇಟ್ಟುಕೊಳ್ಳಿ.

5. ದಿನಚರಿ

ಬೆಳಗ್ಗೆ ಆರರಿಂದ ಒಂಬತ್ತು ಹೊಸ ಬರವಣಿಗೆ. ಫೋನ್ ಬೇರೆ ಕೋಣೆಯಲ್ಲಿರಲಿ. ತಿಂಡಿ ಆದ ಮೇಲೆ ನಡಿಗೆ, ಮಾತುಕತೆ, ನೋಡುವುದು. ಮಧ್ಯಾಹ್ನ ಎರಡು ಗಂಟೆ ಕಾಲ ಹಳೆಯ ಪುಟಗಳ ತಿದ್ದುಪಡಿ. ಸಂಜೆ ಗಟ್ಟಿಯಾಗಿ ಓದುವುದು. ಇಷ್ಟೇ ಸಾಕು. ದಿನಕ್ಕೆ ಹತ್ತು ಗಂಟೆ ಬರೆಯುತ್ತೇನೆ ಅಂತ ಹಟ ಹಿಡಿದವರು ಸಾಮಾನ್ಯವಾಗಿ ಮೂರನೇ ದಿನಕ್ಕೆ ಮಲಗಿರುತ್ತಾರೆ.

ನಡಿಗೆಯನ್ನು ಹಗಲಿಗೆ ಇಟ್ಟಿದ್ದಕ್ಕೆ ಕಾರಣವಿದೆ. ಕೊಡಗಿನ ಅನೇಕ ಕಡೆ, ಅದರಲ್ಲೂ ಕಾಡಂಚಿನ ತೋಟಗಳಲ್ಲಿ, ಆನೆ ಓಡಾಟ ಇದೆ. ನಸುಕಿನಲ್ಲೂ ಮುಸ್ಸಂಜೆಯಲ್ಲೂ ತೋಟದ ದಾರಿಯಲ್ಲಿ ಒಬ್ಬರೇ ಹೋಗಬೇಡಿ. ಇವತ್ತು ಯಾವ ಕಡೆ ಹೋಗಬಹುದು ಅಂತ ಮನೆಯವರನ್ನು ಕೇಳಿ, ಅವರು ಬೇಡ ಅಂದರೆ ಬೇಡ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಡೆಯುವುದಂತೂ ಅಪಾಯ.

ಸಂಜೆಯ ಓದಿಗೆ ಒಂದು ನಿಯಮ ಇಟ್ಟುಕೊಳ್ಳಿ. ಒಬ್ಬರು ನಾಲ್ಕು ಪುಟ ಓದಬೇಕು. ಕೇಳಿದವರು “ಚೆನ್ನಾಗಿದೆ”, “ಚೆನ್ನಾಗಿಲ್ಲ” ಅನ್ನಬಾರದು. ಎಲ್ಲಿ ಗಮನ ತಪ್ಪಿತು, ಯಾವ ಮಾತು ಯಾರದು ಅಂತ ಎಲ್ಲಿ ಗೊತ್ತಾಗಲಿಲ್ಲ, ಮುಂದೆ ಏನು ತಿಳಿಯಬೇಕು ಅನ್ನಿಸಿತು, ಈ ಮೂರನ್ನಷ್ಟೇ ಹೇಳಬೇಕು. ಓದಿದವರು ಸಮರ್ಥನೆ ಕೊಡದೆ ಬರೆದುಕೊಳ್ಳಬೇಕು. ವಾದ ಶುರುವಾದರೆ ಗೆಳೆತನಕ್ಕೂ ನಷ್ಟ, ಕಾದಂಬರಿಗೂ ನಷ್ಟ.

6. ನೋಡುವುದನ್ನು ಕಲಿಯಿರಿ

ಕೊಡಗಿನ ಬಗ್ಗೆ ಹೊಸಬರು ಬರೆದದ್ದನ್ನು ಓದಿದರೆ ಮಂಜು ಇರುತ್ತದೆ, ಹಸಿರು ಇರುತ್ತದೆ, ಕಾಫಿ ಕಪ್ಪಿನ ಹಬೆ ಇರುತ್ತದೆ. ಕೆಲಸ ಮಾಡುವ ಮನುಷ್ಯರು ಮಾತ್ರ ಇರುವುದಿಲ್ಲ. ಕಾದಂಬರಿಗೆ ಬೇಕಾದದ್ದು ಕೆಲಸ, ದುಡ್ಡು, ಕಾಯುವಿಕೆ, ಭಯ. ಇವೆಲ್ಲ ತೋಟದಲ್ಲಿ ಸಿಗುತ್ತವೆ.

ಕೊಯ್ಲಿನ ಕಾಲದಲ್ಲಿ ಹೋಗಿದ್ದರೆ ಮನೆಯವರ ಅನುಮತಿ ಕೇಳಿ ಸಂಜೆ ತೂಕದ ಹೊತ್ತಿಗೆ ಕಣದ ಹತ್ತಿರ ನಿಲ್ಲಿ. ಕಣ ಅಂದರೆ ಕಾಫಿ ಒಣಗಿಸುವ ಅಂಗಳ. ಕೊಯ್ದವರು ಚೀಲ ಹೊತ್ತು ಬರುತ್ತಾರೆ, ತಕ್ಕಡಿಗೆ ಒಂದೊಂದೇ ಚೀಲ ಏರುತ್ತದೆ. ಒಬ್ಬರು ಕಿಲೋ ಕೂಗುತ್ತಾರೆ, ಇನ್ನೊಬ್ಬರು ಹೆಸರಿನ ಮುಂದೆ ಬರೆದುಕೊಳ್ಳುತ್ತಾರೆ. ಕಿಲೋ ಲೆಕ್ಕದಲ್ಲಿ ಕೂಲಿ ಇರುವಾಗ ಆ ಅಂಕಿಯೇ ಅವತ್ತಿನ ಸಂಪಾದನೆ. ಅಂಕಿ ಕೂಗುವ ಕ್ಷಣದಲ್ಲಿ ಚೀಲದ ಒಡತಿಯ ಕಣ್ಣು ಎಲ್ಲಿರುತ್ತದೆ ನೋಡಿ. ತಕ್ಕಡಿಯ ಮುಳ್ಳಿನ ಮೇಲಾ, ಬರೆಯುವವನ ಕೈ ಮೇಲಾ? ಗಂಡ ಹೆಂಡತಿ ಇಬ್ಬರೂ ಕೊಯ್ದಿದ್ದರೆ ಚೀಲ ಯಾರ ಹೆಸರಿಗೆ ಹೋಗುತ್ತದೆ? ಹಣ್ಣಾಗದ ಕಾಯಿ, ಎಲೆ ಜಾಸ್ತಿ ಸೇರಿದೆ ಅಂತ ಮಾತು ಬಂದಾಗ ಯಾರು ಉತ್ತರ ಕೊಡುತ್ತಾರೆ, ಯಾರು ಸುಮ್ನೆ ಇರುತ್ತಾರೆ? ನೋಟ್‌ಬುಕ್ ತೆಗೆಯಬೇಡಿ, ಫೋಟೊ ಹೊಡೆಯಬೇಡಿ. ರೂಮಿಗೆ ಬಂದ ತಕ್ಷಣ ಬರೆಯಿರಿ. ಈ ಅರ್ಧ ಗಂಟೆಯಲ್ಲಿ ನಿಮಗೆ ಎರಡು ಅಧ್ಯಾಯದಷ್ಟು ಸಾಮಗ್ರಿ ಇದೆ.

ಬೇಸಿಗೆಯಲ್ಲಿ ಹೋದವರಿಗೆ ಹೂಮಳೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಯಾವಾಗಲೋ ಒಂದು ಒಳ್ಳೆ ಮಳೆ ಬರಬೇಕು. ಅದಾದ ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗೆ ಹೂ ಬಿಡುತ್ತದೆ, ಮಲ್ಲಿಗೆಯಂಥ ವಾಸನೆ, ಮೂರ್ನಾಲ್ಕು ದಿನಕ್ಕೆ ಮುಗಿಯಿತು. ಪ್ರವಾಸಿಗೆ ಕಾಣುವುದು ಇಷ್ಟು. ಬೆಳೆಗಾರನಿಗೆ ಬೇರೆಯದೇ ಕಾಣುತ್ತದೆ. ಮಳೆ ಬಾರದಿದ್ದರೆ ಹೂವಿಲ್ಲ, ಸ್ಪ್ರಿಂಕ್ಲರ್‌ನಲ್ಲಿ ನೀರು ಹೊಡೆಯಬೇಕು, ಕೆರೆಯಲ್ಲಿ ನೀರಿರಬೇಕು. ಹೂ ಅರಳಿದ ದಿನವೇ ಮಳೆ ಸುರಿದರೆ ಪರಾಗಸ್ಪರ್ಶ ಕೆಟ್ಟು ಕಾಯಿ ಕಡಿಮೆ. ಹೂ ಆದ ಎರಡು ಮೂರು ವಾರಕ್ಕೆ ಮತ್ತೊಂದು ಮಳೆ ಬೇಕು, ಇಲ್ಲದಿದ್ದರೆ ಮಿಡಿ ಉದುರುತ್ತದೆ. ಮಗಳ ಮದುವೆ, ಬ್ಯಾಂಕಿನ ಸಾಲ, ಪಕ್ಕದ ತೋಟದವನ ಪಂಪು ಎಲ್ಲವೂ ಈ ಕೆಲವು ವಾರಗಳಿಗೆ ಕಟ್ಟಿಕೊಂಡಿರುತ್ತವೆ. ಕಥೆಯ ಒಳಗೇ ಇರುವ ಗಡಿಯಾರ ಇದು, ಕಾದಂಬರಿಕಾರರು ಹುಡುಕುವುದು ಇಂಥದ್ದನ್ನೇ.

ನಿಮ್ಮ ಕಾದಂಬರಿ ಕೊಡಗಿನದ್ದೇ ಆಗಬೇಕಿಲ್ಲ. ಬ್ಯಾಡಗಿಯ ಕಥೆ ಬರೆಯುತ್ತಿರುವವರಿಗೂ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ಊರಿಗೆ ಹೋಗಿ ಅಲ್ಲಿನ ಮೆಣಸಿನಕಾಯಿ ಮಂಡಿಯಲ್ಲಿ ಇದೇ ಥರ ನಿಂತು ನೋಡುತ್ತೀರಿ.

7. ಲೇಖಕರನ್ನು ಎಲ್ಲಿ, ಹೇಗೆ ಭೇಟಿ ಮಾಡುವುದು

ಕೊಡಗಿನಲ್ಲಿ ಸಾಹಿತ್ಯ ಕಾರ್ಯಕ್ರಮ ಇಲ್ಲ ಅನ್ನುವುದು ಹೊರಗಿನವರ ತಪ್ಪು ತಿಳುವಳಿಕೆ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮಡಿಕೇರಿಯಲ್ಲಿ 1932ರಲ್ಲಿ ಡಿ.ವಿ. ಗುಂಡಪ್ಪನವರ, 1981ರಲ್ಲಿ ಶಂ.ಬಾ. ಜೋಶಿಯವರ, 2014ರಲ್ಲಿ ನಾ. ಡಿಸೋಜರ ಅಧ್ಯಕ್ಷತೆಯಲ್ಲಿ ನಡೆದಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾ ಮತ್ತು ತಾಲ್ಲೂಕು ಘಟಕಗಳು ಸಮ್ಮೇಳನ, ದತ್ತಿ ಉಪನ್ಯಾಸ, ಪುಸ್ತಕ ಬಿಡುಗಡೆ ಮಾಡುತ್ತವೆ. 1912ರಲ್ಲಿ ಹುಟ್ಟಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡ ಕಥೆಗಾರ್ತಿ ಕೊಡಗಿನ ಗೌರಮ್ಮನವರ ಹೆಸರಿನಲ್ಲಿ ಜಿಲ್ಲೆಯ ಲೇಖಕಿಯರಿಗೆ ದತ್ತಿ ಪ್ರಶಸ್ತಿ ಇದೆ. ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ ಎರಡಕ್ಕೂ ಮಡಿಕೇರಿಯಲ್ಲೇ ಕಚೇರಿ. ಅವರ ಕಾರ್ಯಕ್ರಮಗಳಿಗೆ ಆ ಭಾಷೆ ಬಾರದವರೂ ಹೋಗಬಹುದು, ಪ್ರೀತಿಯಿಂದ ಕೂರಿಸುತ್ತಾರೆ.

ಸುದ್ದಿ ತಿಳಿಯುವುದು ಹೇಗೆ? ಮಡಿಕೇರಿಯಿಂದ ಬರುವ ‘ಶಕ್ತಿ’ ದಿನಪತ್ರಿಕೆಯ ಸ್ಥಳೀಯ ಕಾರ್ಯಕ್ರಮಗಳ ಸುದ್ದಿ ನೋಡಿ. ತಲುಪಿದ ದಿನವೇ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಯಲ್ಲೋ ಗ್ರಂಥಾಲಯದಲ್ಲೋ ಈ ವಾರ ಏನಿದೆ ಅಂತ ಕೇಳಿ. ಸಾಹಿತ್ಯ ಪರಿಷತ್ತಿನ ಸದಸ್ಯರಾಗಿದ್ದರೆ ಆಹ್ವಾನ ಸಿಗುವುದು ಸುಲಭ.

ದೊಡ್ಡ ಸಮ್ಮೇಳನಕ್ಕೆ ಹೋದರೆ ಮುಖ್ಯ ವೇದಿಕೆಯ ಮುಂದೆ ದಿನವಿಡೀ ಕೂರಬೇಡಿ. ಅಲ್ಲಿ ಸ್ವಾಗತ, ಸನ್ಮಾನಗಳಿಗೆ ಸಮಯ ಜಾಸ್ತಿ ಹೋಗುತ್ತದೆ. ಸಮಾನಾಂತರ ವೇದಿಕೆಗೆ ಹೋಗಿ, ಅಂದರೆ ಅದೇ ಹೊತ್ತಿಗೆ ಬೇರೆ ಸಭಾಂಗಣದಲ್ಲಿ ನಡೆಯುವ ಸಣ್ಣ ಗೋಷ್ಠಿಗೆ. ಜನ ಕಡಿಮೆ, ಮಾತು ಗಟ್ಟಿ. ಉಳಿದ ಸಮಯ ಪುಸ್ತಕ ಮಳಿಗೆಗಳಲ್ಲಿ ಕಳೆಯಿರಿ. ಪ್ರಕಾಶಕರು ಅಲ್ಲಿ ಖುದ್ದಾಗಿ ಇರುತ್ತಾರೆ, ಅವರು ಯಾವ ಥರದ ಕಾದಂಬರಿ ಹಾಕುತ್ತಾರೆ ಅನ್ನುವುದು ಮೇಜಿನ ಮೇಲೇ ಕಾಣುತ್ತದೆ.

ಈಗ ಮುಖ್ಯ ವಿಷಯ, ಲೇಖಕರನ್ನು ಏನು ಕೇಳುವುದು. ಹೋಗುವ ಮೊದಲು ಅವರ ಒಂದಾದರೂ ಪುಸ್ತಕ ಪೂರ್ತಿ ಓದಿ. “ನಿಮಗೆ ಸ್ಫೂರ್ತಿ ಯಾರು?” ಎಂಬ ಪ್ರಶ್ನೆಗೆ ಅವರು ನೂರು ಸಲ ಉತ್ತರ ಕೊಟ್ಟಿರುತ್ತಾರೆ, ನಿಮಗೂ ಅದೇ ಉತ್ತರ ಬರುತ್ತದೆ. ಅದರ ಬದಲು ನಿಮ್ಮ ಪಟ್ಟಿಯ ಪ್ರಶ್ನೆಯನ್ನು ಅವರ ಪುಸ್ತಕದ ಮೂಲಕ ಕೇಳಿ: “ನಿಮ್ಮ ಕಾದಂಬರಿಯಲ್ಲಿ ಅಜ್ಜಿ ಸತ್ತ ಮೇಲೆ ಕಥೆ ಹತ್ತು ವರ್ಷ ಮುಂದೆ ಹೋಗುತ್ತದೆ. ನಡುವಿನ ವರ್ಷಗಳನ್ನು ಬರೆದು ತೆಗೆದಿರಾ, ಬರೆಯಲೇ ಇಲ್ಲವಾ?” ಇಂಥ ಪ್ರಶ್ನೆ ಕೇಳಿದಾಗ ಲೇಖಕರು ಮುಂದಕ್ಕೆ ಬಾಗಿ ಮಾತಾಡುತ್ತಾರೆ. ತಾವು ಬಿಟ್ಟದ್ದು, ಹರಿದದ್ದು, ಹೆದರಿದ್ದು ಎಲ್ಲ ಹೇಳುತ್ತಾರೆ. ಸ್ಫೂರ್ತಿ ಅಂತ ನಾವು ಹುಡುಕುತ್ತಿರುವುದು ಬಹಳ ಸಲ ಈ ಮಾತುಗಳಲ್ಲೇ ಇರುತ್ತದೆ.

ಮಾಡಬಾರದ್ದು ಕೆಲವು. ಪ್ರಶ್ನೆಯ ಹೆಸರಿನಲ್ಲಿ ಭಾಷಣ ಬೇಡ, ಎರಡು ವಾಕ್ಯ ಸಾಕು. ಮೊದಲ ಭೇಟಿಯಲ್ಲೇ ಹಸ್ತಪ್ರತಿ ಕೈಗೆ ತುರುಕಬೇಡಿ. ಅವರೇ ಕೇಳಿದರೆ ಹತ್ತು ಪುಟ ಕಳಿಸಿ, ಮುನ್ನೂರು ಪುಟ ಅಲ್ಲ. ಮುನ್ನುಡಿ ಬರೆದುಕೊಡಿ ಅಂತ ಕೇಳುವ ಕಾಲ ಇನ್ನೂ ಬಂದಿಲ್ಲ. ಕಾರ್ಯಕ್ರಮ ಮುಗಿದ ತಕ್ಷಣ ಓಡಬೇಡಿ, ಕೊನೆಯ ಕಾಫಿಗೆ ನಿಲ್ಲಿ. ವೇದಿಕೆಯಲ್ಲಿ ಹೇಳದ ಮಾತು ಅಲ್ಲಿ ಬರುತ್ತದೆ. ಅವರ ಪುಸ್ತಕ ಒಂದನ್ನು ದುಡ್ಡು ಕೊಟ್ಟು ತಗೊಳ್ಳಿ, ಅದು ಮರ್ಯಾದೆ.

ಕೊಡಗಿನ ವಾಸ್ತವ್ಯಕ್ಕೆ ಹೊಂದುವ ದಿನ ಸಿಗದಿದ್ದರೆ ಬೇರೆ ಕಡೆಯೂ ಅವಕಾಶ ಇದೆ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ, ಸಂಸ್ಕೃತಿ ಶಿಬಿರಕ್ಕೆ ಹೆಸರಾದ ರಂಗಸಂಸ್ಥೆ. ಬೆಂಗಳೂರಿನಲ್ಲಿ 2012ರಿಂದ ಸಾಹಿತ್ಯ ಉತ್ಸವ ನಡೆಯುತ್ತಿದೆ, ಕನ್ನಡ ಗೋಷ್ಠಿಗಳೂ ಇರುತ್ತವೆ. ಅಲ್ಲೂ ಮೇಲೆ ಹೇಳಿದ್ದೇ ರೀತಿ.

8. ಈ ಊರಿನ ಬಗ್ಗೆ ಬರೆಯುವಾಗ ಎಚ್ಚರ

ಕೊಡವರ ಮನೆತನದ ಹೆಸರು ಒಂದೊಂದು ಒಕ್ಕಕ್ಕೆ ಸೇರಿದ್ದು. ಒಕ್ಕ ಅಂದರೆ ಒಂದೇ ಮೂಲದ ಕುಟುಂಬಗಳ ಬಳಗ. ಅವರ ಮೂಲ ಮನೆ ಐನ್‌ಮನೆ. ಹಾಗಾಗಿ ಕೇಳಲು ಚೆನ್ನಾಗಿದೆ ಅಂತ ನಿಜವಾದ ಮನೆತನದ ಹೆಸರನ್ನು ನಿಮ್ಮ ಕಥೆಯ ಮೋಸಗಾರನಿಗೆ ಇಟ್ಟರೆ ಅದು ಬದುಕಿರುವ ಒಂದು ಇಡೀ ಕುಟುಂಬದ ಮೇಲೆ ಬೀಳುತ್ತದೆ. ಹೆಸರು ಕಟ್ಟಿದ ಮೇಲೆ ಊರಿನ ಒಬ್ಬರಿಗಾದರೂ ತೋರಿಸಿ.

ಕೊಡಗು ಅಂದರೆ ಕೊಡವರು ಮಾತ್ರ ಅಲ್ಲ. ಅರೆಭಾಷೆ ಗೌಡರು, ಯರವರು, ಜೇನುಕುರುಬರು, ಕುಡಿಯರು, ಮಾಪಿಳ್ಳೆಗಳು, ತಲೆಮಾರುಗಳ ಹಿಂದೆ ಬಂದ ತಮಿಳು, ತುಳು, ಮಲಯಾಳಂ ಮಾತಿನವರು, ಈಗ ಅಸ್ಸಾಂನಿಂದ ಬರುವ ಕೂಲಿಯವರು ಎಲ್ಲ ಇದ್ದಾರೆ. ತೋಟದ ಲೈನ್‌ಮನೆಯ, ಅಂದರೆ ಕೂಲಿಯವರು ವಾಸಿಸುವ ಸಾಲುಮನೆಯ, ಕಥೆ ಬರೆಯುವುದಾದರೆ ಲೈನ್‌ಮನೆಯವರ ಜೊತೆ ಮಾತಾಡಿ, ಮಾಲೀಕರು ಹೇಳಿದ್ದನ್ನಷ್ಟೇ ನಂಬಿ ಬರೆಯಬೇಡಿ. ಕೊಡವ ಅಥವಾ ಅರೆಭಾಷೆಯ ಸಂಭಾಷಣೆ ಹಾಕಿದರೆ ಆ ಭಾಷೆ ಮನೆಮಾತಾದವರಿಂದ ತಿದ್ದಿಸಿ. ಹಾಡು, ಹಬ್ಬ, ಆಚರಣೆಗಳಿಗೆ 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ನೋಡಿ. ಅದು ಕನ್ನಡ ಲಿಪಿಯಲ್ಲೇ ಇದೆ.

ಭೂಕುಸಿತದಲ್ಲಿ ಮನೆಯವರನ್ನು ಕಳೆದುಕೊಂಡವರ ಹತ್ತಿರ “ಆ ರಾತ್ರಿ ಏನಾಯಿತು?” ಅಂತ ಸುಮ್ನೆ ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿ. ಬಳಸಿಕೊಳ್ಳುವುದಾದರೆ ಅನುಮತಿ ಪಡೆಯಿರಿ, ಗುರುತು ಸಿಗದ ಹಾಗೆ ಬದಲಾಯಿಸಿ.

9. ವಾಪಸ್ ಬಂದ ಮೇಲೆ

ಮೊದಲ ವಾರದಲ್ಲೇ ನೋಟ್‌ಬುಕ್ಕಿನದ್ದನ್ನೆಲ್ಲ ಟೈಪ್ ಮಾಡಿ. ತಡ ಮಾಡಿದರೆ “ತಕ್ಕಡಿ, ನೀಲಿ ಸೀರೆ, ನಕ್ಕಳು” ಅಂತ ಬರೆದದ್ದು ಏನು ಅಂತ ನಿಮಗೇ ಗೊತ್ತಾಗುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಅದು ಎಲ್ಲ ಫೋನ್, ಕಂಪ್ಯೂಟರ್‌ಗಳಲ್ಲಿ ಒಂದೇ ಥರ ಕಾಣುವ ಅಕ್ಷರ ವ್ಯವಸ್ಥೆ. ಹಳೆಯ ನುಡಿ ಫಾಂಟಿನ ಫೈಲು ಆ ಫಾಂಟ್ ಇಲ್ಲದ ಕಡೆ ಗೋಜಲಾಗಿ ಕಾಣುತ್ತದೆ. ಕೆಲವು ಪ್ರಕಾಶಕರು ಇವತ್ತಿಗೂ ನುಡಿಯಲ್ಲೇ ಕೇಳುತ್ತಾರೆ, ಕೇಳಿದಾಗ ಪರಿವರ್ತನೆ ಮಾಡಿಕೊಡಿ. ಮಾಡಿದ ಮೇಲೆ ಒತ್ತಕ್ಷರಗಳನ್ನು ಮತ್ತೊಮ್ಮೆ ನೋಡಿ, ಅಲ್ಲೇ ತಪ್ಪು ನುಸುಳುವುದು.

ಕಾದಂಬರಿ ಮುಗಿಯಲು ಸಮಯ ಬೇಕು. ಅಷ್ಟರೊಳಗೆ ಅದರ ಒಂದು ಭಾಗ ಕಥೆಯಾಗಿ ನಿಲ್ಲುವುದಾದರೆ ಮಯೂರ, ಸುಧಾ, ತರಂಗದಂಥ ಪತ್ರಿಕೆಗಳಿಗೆ, ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಗೆ ಕಳಿಸಿ ನೋಡಿ. ಹಸ್ತಪ್ರತಿ ಪೂರ್ತಿಯಾದಾಗ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಪ್ರಕಟಣೆ ಗಮನಿಸಿ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಪ್ರಾಧಿಕಾರ ಕೊಡುವ ಸಹಾಯ ಅದು. ವಯಸ್ಸಿನ ಮಿತಿ, ಕೊನೆಯ ದಿನ ಆಯಾ ವರ್ಷದ ಪ್ರಕಟಣೆಯಲ್ಲಿ ಇರುತ್ತದೆ.

“ನಿಮ್ಮ ಪುಸ್ತಕ ನಾವು ತರುತ್ತೇವೆ, ಇಷ್ಟು ಸಾವಿರ ಕೊಡಿ” ಅನ್ನುವವರ ಬಗ್ಗೆ ಹುಷಾರು. ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದು ತಪ್ಪಲ್ಲ. ಆದರೆ ಎಷ್ಟು ಪ್ರತಿ, ಯಾವ ಕಾಗದ, ಮಾರಾಟ ಯಾರು ಮಾಡುತ್ತಾರೆ, ಹಕ್ಕು ಯಾರದು ಅನ್ನುವುದು ಕಾಗದದ ಮೇಲೆ ಇರಬೇಕು. ರಿಟ್ರೀಟ್‌ನಲ್ಲಿ ಬರೆದದ್ದನ್ನೆಲ್ಲ ಸಂಕಲನ ಮಾಡುತ್ತೇವೆ ಅಂತ ಆಯೋಜಕರು ಸಹಿ ಕೇಳಿದರೆ, ನಿಮ್ಮ ಕಾದಂಬರಿಯ ಅಧ್ಯಾಯವನ್ನು ಅದಕ್ಕೆ ಕೊಡಬೇಡಿ, ಬೇರೆ ಏನಾದರೂ ಬರೆದುಕೊಡಿ. ಅನೇಕ ಸ್ಪರ್ಧೆಗಳು ಎಲ್ಲೂ ಪ್ರಕಟವಾಗದ ಬರಹವನ್ನೇ ಕೇಳುತ್ತವೆ. ಸಂಕಲನಕ್ಕೆ ಕೊಟ್ಟದ್ದು, ಕೆಲವು ಕಡೆ ಫೇಸ್‌ಬುಕ್‌ನಲ್ಲಿ ಹಾಕಿದ್ದೂ ಪ್ರಕಟಿತ ಅಂತಲೇ ಲೆಕ್ಕ. ಅಧ್ಯಾಯ ಬರೆದ ಖುಷಿಯಲ್ಲಿ ಫೇಸ್‌ಬುಕ್ ಗೋಡೆಯ ಮೇಲೆ ಹಾಕುವ ಮೊದಲು ನೀವು ಕಳಿಸಬೇಕೆಂದಿರುವ ಸ್ಪರ್ಧೆಯ ನಿಯಮ ಒಮ್ಮೆ ಓದಿಬಿಡಿ.